ಬೆಂಗಳೂರಿನಿಂದ ಹೊನ್ನಾವರಕ್ಕೆ: ಗೆಳೆಯರ ಜೊತೆ ಸಣ್ಣ ದೋಣಿಯಲ್ಲಿ ಶರಾವತಿ ಸುತ್ತುವುದು ಹೇಗೆ?

ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಾವು ಐದಾರು ಜನ ಗೆಳೆಯರು. ಶನಿವಾರ, ಭಾನುವಾರ ಬಿಡುವಿದೆ. ಕರಾವಳಿ ಕಡೆ ಸಣ್ಣ ದೋಣಿಯಲ್ಲಿ ನದಿ ಸುತ್ತಬೇಕು. ಎಲ್ಲಿಂದ ಶುರು ಮಾಡೋದು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಬಹಳ ಜನ ಮೊದಲು ರೂಮ್ ಬುಕ್ ಮಾಡುತ್ತಾರೆ. ಆಮೇಲೆ ದೋಣಿ ಹುಡುಕುತ್ತಾರೆ. ನೀರಿನ ವಿಚಾರ ಕೇಳುವುದೇ ಇಲ್ಲ. ದಯವಿಟ್ಟು ಈ ಕ್ರಮವನ್ನು ತಿರುಗಿಸಿ. ಮೊದಲು ನೀರು, ಆಮೇಲೆ ದೋಣಿ, ಕೊನೆಗೆ ರೂಮ್. ಹಲಸೂರು ಕೆರೆಯದು ನಿಂತ ನೀರು. ಅಲ್ಲಿ ಯಾವತ್ತು, ಎಷ್ಟು ಹೊತ್ತಿಗೆ ಹೋದರೂ ಒಂದೇ. ಸಮುದ್ರಕ್ಕೆ ಹತ್ತಿರದ ನದಿ ಹಾಗಲ್ಲ. ಅದು ದಿನಕ್ಕೆ ಎರಡು ಸಲ ತುಂಬುತ್ತದೆ, ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ದೋಣಿ ಸಲೀಸಾಗಿ ಹೋದ ಜಾಗದಲ್ಲಿ ಮಧ್ಯಾಹ್ನ ಮೊಣಕಾಲುದ್ದ ನೀರೂ ಇರುವುದಿಲ್ಲ.

ಮುಂದೆ ಓದುವ ಮೊದಲು ನಾಲ್ಕೈದು ಮಾತುಗಳ ಪರಿಚಯ ಇರಲಿ. ನದಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ನೀರು ಏರುವುದು ಉಬ್ಬರ. ಕರಾವಳಿಯಲ್ಲಿ ಇದನ್ನೇ ಭರತ ಅಂತಲೂ ಹೇಳುತ್ತಾರೆ. ನೀರು ತಗ್ಗುವುದು ಇಳಿತ. ನದಿಯ ನಡುವಿನ ನಡುಗಡ್ಡೆಗೆ ಕುಂದಾಪುರದ ಕಡೆ ಕುದ್ರು, ಹೊನ್ನಾವರದ ಕಡೆ ಕುರ್ವೆ ಎಂಬ ಹೆಸರು. ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಮರಗಳ ಕಾಡು ಕಾಂಡ್ಲಾ. ದೋಣಿಯವರ ಜೊತೆ ಮಾತಾಡುವಾಗ ಈ ಪದಗಳೇ ಬೇಕಾಗುತ್ತವೆ.

## 1. ಜಾಗ ಆರಿಸಿ

ನಮ್ಮ ರಾಜ್ಯದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದ ಇದೆ. ಅಷ್ಟರಲ್ಲೇ ನೇತ್ರಾವತಿಯಿಂದ ಕಾಳಿಯವರೆಗೆ ಹತ್ತಾರು ಅಳಿವೆಗಳು ಸಿಗುತ್ತವೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಹೊನ್ನಾವರದ ಶರಾವತಿ. ನದಿ ಅಗಲವಾಗಿದೆ. ಗೇರುಸೊಪ್ಪೆಯಿಂದ ಸಮುದ್ರದವರೆಗೆ ಸುಮಾರು 29 ಕಿಲೋಮೀಟರ್ ದೋಣಿ ಓಡಾಡುವ ನೀರಿದೆ. ಎರಡೂ ದಡದಲ್ಲಿ ಊರುಗಳಿವೆ, ತೆಂಗಿನ ತೋಟಗಳಿವೆ, ಹಾಗಾಗಿ ತೊಂದರೆಯಾದರೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಜನ ಇರುತ್ತಾರೆ. ಕಾಸರಕೋಡು ಬದಿಯಲ್ಲಿ ಅರಣ್ಯ ಇಲಾಖೆಯ ಕಾಂಡ್ಲಾ ನಡಿಗೆಯ ಮರದ ಹಾದಿ ಇದೆ. ನೀರಿಗೆ ಇಳಿಯುವ ಮೊದಲು ಅಲ್ಲಿ ನಡೆದು ನೋಡಿದರೆ ನದಿಯ ಸ್ವಭಾವ ಅರ್ಧ ಅರ್ಥವಾಗುತ್ತದೆ. ಮರದ ಬುಡದಲ್ಲಿ ಕೆಸರಿನ ಗೆರೆ ಎಲ್ಲಿಯವರೆಗೆ ಮೆತ್ತಿದೆ ನೋಡಿ. ಉಬ್ಬರದ ನೀರು ಅಲ್ಲಿಯವರೆಗೆ ಬರುತ್ತದೆ.

ಈ ನದಿಯಲ್ಲಿ ಹೋಗುವಾಗ ನನಗೆ ತಪ್ಪದೇ ನೆನಪಾಗುವುದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 16ನೇ ಶತಮಾನದಲ್ಲಿ ಈ ಸೀಮೆಯನ್ನು ಆಳಿದವಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಕಡಲು ಸೇರುತ್ತಿದ್ದದ್ದು ಇದೇ ನೀರಿನ ದಾರಿಯಲ್ಲಿ.

ಎರಡನೇ ಸಲಕ್ಕೆ ಉಡುಪಿ ಹತ್ತಿರದ ಕೋಡಿ ಬೆಂಗ್ರೆ ಚೆನ್ನಾಗಿದೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸುವರ್ಣಾ ನದಿ, ನಡುವೆ ಪಟ್ಟಿಯಂಥ ಊರು. ಕುಂದಾಪುರದ ಪಂಚಗಂಗಾವಳಿಯಲ್ಲಿ ಕುದ್ರುಗಳು ಜಾಸ್ತಿ, ಕವಲುಗಳೂ ಜಾಸ್ತಿ. ದಾರಿ ತಪ್ಪುವುದು ಸುಲಭ, ಆದ್ದರಿಂದ ಊರಿನ ದೋಣಿಯವರು ಜೊತೆಗಿರಲೇಬೇಕು. ಕುಮಟಾ ಹತ್ತಿರದ ಅಘನಾಶಿನಿಗೆ ಅಣೆಕಟ್ಟೇ ಇಲ್ಲ. 2024ರಲ್ಲಿ ಅದರ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಿದರು. ಇಳಿತದಲ್ಲಿ ಅಲ್ಲಿ ಎಕರೆಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಚಿಪ್ಪಿ ಆರಿಸುವವರನ್ನು ಅಲ್ಲಿ ನೋಡಬಹುದು. ಅನುಭವ ಆದ ಮೇಲೆ ಅಲ್ಲಿಗೆ ಹೋಗಿ.

## 2. ದಿನ ಆರಿಸಿ

ಈ ಹಂತವನ್ನು ನಿಧಾನವಾಗಿ ಓದಿ. ಉಳಿದದ್ದನ್ನೆಲ್ಲ ಅಲ್ಲಿ ಹೋದ ಮೇಲೂ ಸರಿಮಾಡಿಕೊಳ್ಳಬಹುದು. ದಿನವನ್ನು ತಪ್ಪಾಗಿ ಆರಿಸಿದರೆ ಸರಿಮಾಡಲು ಆಗುವುದಿಲ್ಲ.

ಮೊದಲು ತಿಂಗಳು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್‌ನಲ್ಲಿ ಹೋಗಬಹುದು, ಬಿಸಿಲು ಸುಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಹುಟ್ಟಿದಾಗಿನಿಂದ ನೀರು ನೋಡಿದವರೇ ದೋಣಿ ದಡಕ್ಕೆ ಎಳೆದಿಟ್ಟಿರುವಾಗ ನಾವು ಇಳಿಯುವುದು ಸರಿಯಲ್ಲ, ಅಲ್ವಾ?

ಆಮೇಲೆ ತಿಥಿ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆಯಿರಿ. ಉಬ್ಬರ–ಇಳಿತ ನಡೆಯುವುದು ಚಂದ್ರನ ಲೆಕ್ಕದಲ್ಲಿ. ಒಂದು ಉಬ್ಬರದ ತುದಿಯಿಂದ ಇಳಿತದ ತಳಕ್ಕೆ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಈ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಶನಿವಾರ ಬೆಳಿಗ್ಗೆ 9ಕ್ಕೆ ನೀರು ತುಂಬಿದ್ದರೆ ಭಾನುವಾರ ತುಂಬುವುದು ಹೆಚ್ಚುಕಡಿಮೆ 9.50ಕ್ಕೆ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಏರಿಳಿತ ದೊಡ್ಡದು, ಹರಿವೂ ಜೋರು. ಅಷ್ಟಮಿಯ ಆಸುಪಾಸು ಏರಿಳಿತ ಚಿಕ್ಕದು.

"ಹಾಗಾದರೆ ಅಷ್ಟಮಿಯೇ ಒಳ್ಳೆಯದಲ್ವಾ?" ಎಂದು ಕೇಳುತ್ತಾರೆ. ಹರಿವು ಕಡಿಮೆ ಅನ್ನುವುದು ನಿಜ. ಆದರೆ ಸಮಯ ಕೂಡಿ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಷ್ಟಮಿ ಹೊತ್ತಿಗೆ ನಸುಕಿನಲ್ಲಿ ಉಬ್ಬರ ಮುಗಿದಿರುತ್ತದೆ. ನೀವು ಹೊರಡುವಾಗ ನೀರು ಇಳಿಯುತ್ತಿರುತ್ತದೆ. ನಡುಮಧ್ಯಾಹ್ನದ ಸುಮಾರಿಗೆ ನದಿ ತಳ ಕಾಣುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ಹಗಲಿನ ಉಬ್ಬರ ತುದಿ ಮುಟ್ಟುವುದು ಹನ್ನೊಂದು ಗಂಟೆಯ ಆಚೀಚೆ. ಅದಕ್ಕಿಂತ ಒಂದೆರಡು ದಿನ ಮೊದಲು, ಅಂದರೆ ತ್ರಯೋದಶಿ, ಚತುರ್ದಶಿ ಹೊತ್ತಿಗೆ ಅದು ಒಂಬತ್ತೂವರೆ, ಹತ್ತಕ್ಕೆ ಬರುತ್ತದೆ. ನಮಗೆ ಬೇಕಾದದ್ದು ಇದೇ. ಬೆಳಿಗ್ಗೆ ಏಳಕ್ಕೆ ಏರುವ ನೀರಿನ ಜೊತೆ ಮೇಲಕ್ಕೆ ಹೋಗಿ, ತುಂಬಿದ ನೀರಿನಲ್ಲಿ ಕಾಂಡ್ಲಾ ನೋಡಿ, ಇಳಿಯುವ ನೀರಿನ ಜೊತೆ ವಾಪಸ್ ಬರಬಹುದು. ಎರಡೂ ಕಡೆ ನೀರೇ ನಿಮ್ಮನ್ನು ನೂಕುತ್ತದೆ.

ಇದಕ್ಕೆ ಇನ್ನೊಂದು ಕಾರಣ ಗಾಳಿ. ಬೆಳಿಗ್ಗೆ ನೆಲದಿಂದ ಸಮುದ್ರದ ಕಡೆ ಮೆಲ್ಲಗೆ ಗಾಳಿ ಇರುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನ ದಾಟಿದ ಹಾಗೆ ಸಮುದ್ರದಿಂದ ಗಾಳಿ ಬೀಸಲು ಶುರುವಾಗುತ್ತದೆ. ನೀವು ಪಶ್ಚಿಮಕ್ಕೆ, ಅಂದರೆ ಹೊನ್ನಾವರದ ಕಡೆ ವಾಪಸ್ ಬರುವಾಗ ಅದು ಮುಖಕ್ಕೇ ಹೊಡೆಯುತ್ತದೆ. ಗಾಳಿ ಒಂದು ಕಡೆಯಿಂದ, ಇಳಿಯುವ ನೀರು ಇನ್ನೊಂದು ಕಡೆಯಿಂದ ಬಂದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಸಣ್ಣ ದೋಣಿಗೆ ಅದು ಕೆಟ್ಟದ್ದು. ಹನ್ನೆರಡೂವರೆ ಒಳಗೆ ದಡ ಸೇರುವ ಲೆಕ್ಕ ಇಟ್ಟುಕೊಳ್ಳಿ.

ತಿಥಿ ನೋಡುವುದು ಅಂದಾಜಿಗೆ ಮಾತ್ರ. ದಿನ ಗೊತ್ತುಮಾಡಿದ ಮೇಲೆ ಆ ದಿನದ ಉಬ್ಬರದ ವೇಳಾಪಟ್ಟಿ ನೋಡಲೇಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಮುದ್ರದ ಸ್ಥಿತಿ, ಎತ್ತರದ ಅಲೆಗಳ ಎಚ್ಚರಿಕೆ ಎಲ್ಲವನ್ನೂ ಪ್ರಕಟಿಸುತ್ತದೆ. ಹೊರಡುವ ಹಿಂದಿನ ದಿನ ಅದನ್ನೂ ನೋಡಿ. ಒಂದು ಮಾತು ನೆನಪಿಡಿ. ವೇಳಾಪಟ್ಟಿಯ ಸಮಯ ಕಡಲ ಬದಿಯದು. ನದಿಯಲ್ಲಿ ಮೇಲಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ಇನ್ನು ಶರಾವತಿಯಲ್ಲಿ ಗೇರುಸೊಪ್ಪೆ ಅಣೆಕಟ್ಟಿನಿಂದ ವಿದ್ಯುತ್ ತಯಾರಿಸಿ ಬಿಡುವ ನೀರೂ ಸೇರುತ್ತದೆ. ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಊರಿನವರನ್ನೇ ಕೇಳಬೇಕು.

ನಾವು ಆರು ಜನ ಮೊದಲ ಸಲ ಹೋದದ್ದು ಅಷ್ಟಮಿಯ ಮರುದಿನ. ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಮರದ ದೋಣಿ ನಡುನದಿಯ ಮರಳು ದಿಣ್ಣೆ ಮೇಲೆ ಕೂತಿತು. ಇಳಿದು ನೂಕಿದೆವು, ಅಲುಗಲಿಲ್ಲ. ನೀರು ಇಳಿದು, ಮತ್ತೆ ಏರಿ, ದೋಣಿ ತೇಲುವ ಹೊತ್ತಿಗೆ ಎರಡು ಗಂಟೆಯಾಗಿತ್ತು. ಒಂದು ತುಂಡು ನೆರಳಿಲ್ಲ. ಕುಡಿಯುವ ನೀರು ಒಂದು ಗಂಟೆ ಮೊದಲೇ ಖಾಲಿಯಾಗಿತ್ತು. ಇಬ್ಬರಿಗೆ ವಾಂತಿ ಶುರುವಾಯಿತು. ಅವತ್ತಿನಿಂದ ನಾನು ತಿಥಿ ನೋಡದೆ ಟಿಕೆಟ್ ಮಾಡಿಸುವುದಿಲ್ಲ.

## 3. ಟಿಕೆಟ್ ಮಾಡಿಸಿ

ರೈಲು ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ತಿಥಿ ಆಗಲೇ ಗೊತ್ತಿರುತ್ತದೆ, ಹಾಗಾಗಿ ಕಾಯುವುದು ಬೇಡ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಹೊನ್ನಾವರ ಮುಟ್ಟುತ್ತದೆ. ಶುಕ್ರವಾರ ಹತ್ತಿದರೆ ಶನಿವಾರ ಬೆಳಿಗ್ಗೆ ಅಲ್ಲಿರುತ್ತೀರಿ. ವಾಪಸ್ ರೈಲು ಭಾನುವಾರ ಸಂಜೆ ಹತ್ತಿದರೆ ಸೋಮವಾರ ಬೆಳಿಗ್ಗೆ ಬೆಂಗಳೂರು.

ಕಾರಿನಲ್ಲಾದರೆ ತುಮಕೂರು, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಾಟಿ ಇಳಿಯಬೇಕು. ದಾರಿ ಚೆಂದ, ಆದರೆ ರಾತ್ರಿಯಿಡೀ ಗಾಡಿ ಓಡಿಸಿ ಬೆಳಿಗ್ಗೆ ನೀರಿಗೆ ಇಳಿಯಬೇಡಿ. ನಿದ್ದೆಗೆಟ್ಟವರ ಕೈಗೆ ಹುಟ್ಟು ಕೊಡಬಾರದು. ಶನಿವಾರ ವಿಶ್ರಾಂತಿಗೆ, ನೋಡುವುದಕ್ಕೆ, ಅಭ್ಯಾಸಕ್ಕೆ. ಭಾನುವಾರ ಪ್ರಯಾಣಕ್ಕೆ. ಅಂದರೆ ತಿಥಿ ಲೆಕ್ಕ ಹಾಕಬೇಕಾದದ್ದು ಭಾನುವಾರಕ್ಕೆ.

## 4. ದೋಣಿ ಮತ್ತು ದೋಣಿಯವರು

ಮೂರು ಬಗೆ ಇವೆ.

ಎಂಜಿನ್ ದೋಣಿ. ಹಿಂಬದಿಗೆ ಔಟ್‌ಬೋರ್ಡ್, ಅಂದರೆ ಹೊರಗೆ ತಗುಲಿಸುವ ಎಂಜಿನ್ ಇರುತ್ತದೆ. ನಡೆಸಲು ಅಲ್ಲಿಯವರೇ ಇರುತ್ತಾರೆ. ಮೊದಲ ಸಲಕ್ಕೆ, ಈಜು ಬಾರದವರು ಜೊತೆಗಿದ್ದರೆ, ಇದೇ ಸರಿ.

ಕಯಾಕ್. ಒಬ್ಬರು ಅಥವಾ ಇಬ್ಬರು ಕೂತು ಎರಡು ಬದಿಯ ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿ. ಒಳಗೆ ಕಾಲು ತೂರಿಸಿ ಕೂರುವ ಬಗೆ ಬೇಡ. ಮೇಲೆ ಕೂರುವ ಬಗೆಯದನ್ನೇ ಕೇಳಿ. ಮಗುಚಿದರೂ ಅದರೊಳಗೆ ನೀರು ತುಂಬುವುದಿಲ್ಲ, ಮತ್ತೆ ಹತ್ತಬಹುದು.

ಪಾತಿ ದೋಣಿ. ಊರಿನವರು ಮೀನಿಗೆ ಬಳಸುವ ಕಿರಿದಾದ ಮರದ ದೋಣಿ. ನೋಡಲು ಬಲು ಚೆಂದ. ಆದರೆ ಒಬ್ಬರು ಸುಮ್ನೆ ಪಕ್ಕಕ್ಕೆ ವಾಲಿದರೂ ಅದೂ ವಾಲುತ್ತದೆ. ನೀವೇ ನಡೆಸಲು ಹೋಗಬೇಡಿ.

ದೋಣಿಯವರ ಹತ್ತಿರ ಶನಿವಾರವೇ ಮಾತಾಡಿ. ದರದ ಮಾತು ಆಮೇಲಿರಲಿ, ಮೊದಲು ಹೀಗೆ ಕೇಳಿ: "ಅಣ್ಣಾ, ನಾಳೆ ನೀರು ಎಷ್ಟೊತ್ತಿಗೆ ತುಂಬುತ್ತೆ?" ಒಳ್ಳೆಯ ದೋಣಿಯವರು ಮೊಬೈಲ್ ನೋಡದೆ ಹೇಳುತ್ತಾರೆ. "ಹತ್ತಕ್ಕೆ ಪೂರ್ತಿ ಆಗ್ತದೆ. ನೀವು ಏಳಕ್ಕೆ ಬನ್ನಿ, ತಡ ಮಾಡ್ಬೇಡಿ." ನಿಮ್ಮ ವೇಳಾಪಟ್ಟಿಗೂ ಅವರ ಮಾತಿಗೂ ತಾಳೆಯಾದರೆ ಸರಿಯಾದ ಜನ ಸಿಕ್ಕರು ಎಂದರ್ಥ. "ಯಾವಾಗ ಬೇಕಾದ್ರೂ ಬನ್ನಿ ಸಾರ್" ಅಂದರೆ ಇನ್ನೊಬ್ಬರನ್ನು ಹುಡುಕಿ.

ಎಂಜಿನ್ ಇರುವ ದೋಣಿಗೆ ನೋಂದಣಿ ಬೇಕು. ದೋಣಿಯ ಬದಿಯಲ್ಲಿ ಸಂಖ್ಯೆ ಬರೆದಿರಬೇಕು. ಎಷ್ಟು ಜನರಿಗೆ ಅನುಮತಿ ಎಂದು ಕೇಳಿ, ಅದಕ್ಕಿಂತ ಒಬ್ಬರೂ ಜಾಸ್ತಿ ಹತ್ತಬೇಡಿ. "ಒಬ್ಬರು ತಾನೇ, ಅಡ್ಜಸ್ಟ್ ಮಾಡ್ಕೊಳ್ಳೋಣ" ಎನ್ನುವ ಮಾತು ಬಿಎಂಟಿಸಿ ಬಸ್ಸಿಗೆ ನಡೆಯುತ್ತದೆ, ದೋಣಿಗೆ ನಡೆಯುವುದಿಲ್ಲ.

ಇಂಧನಕ್ಕೆ ಮೂರು ಪಾಲಿನ ಲೆಕ್ಕ ಇಡಿ. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಕೈಕಾವಲಿಗೆ ಒಂದು ಪಾಲು. ಎಂಜಿನ್ ಕೆಟ್ಟರೆ ಬಳಸಲು ದೋಣಿಯಲ್ಲಿ ಎರಡು ಹುಟ್ಟು, ಒಂದು ಲಂಗರು, ಉದ್ದನೆಯ ಹಗ್ಗ ಇರಲೇಬೇಕು.

ಎಂಜಿನ್ ಶುರುವಾದ ಕೂಡಲೇ ಹಿಂದಕ್ಕೆ ಬಗ್ಗಿ ನೋಡಿ. ಎಂಜಿನ್ನಿನ ಪಕ್ಕದಿಂದ ಪೆನ್ಸಿಲ್ ದಪ್ಪದ ನೀರಿನ ಎಳೆಯೊಂದು ಹೊರಗೆ ಚಿಮ್ಮುತ್ತಿರುತ್ತದೆ. ನದಿಯ ನೀರನ್ನೇ ಎಳೆದು ಎಂಜಿನ್ ತನ್ನನ್ನು ತಂಪು ಮಾಡಿಕೊಳ್ಳುತ್ತಿದೆ ಎಂಬುದಕ್ಕೆ ಅದೇ ಗುರುತು. ದಾರಿಯಲ್ಲೂ ಆಗಾಗ ನೋಡುತ್ತಿರಿ. ಎಳೆ ಸಣ್ಣಗಾದರೆ ಅಥವಾ ನಿಂತರೆ ದೋಣಿಯವರಿಗೆ ಹೇಳಿ ಎಂಜಿನ್ ನಿಲ್ಲಿಸಿ. ಬಹಳ ಸಲ ನೀರು ಎಳೆಯುವ ತೂತಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಿರುತ್ತದೆ. ಬಿಡಿಸಿದರೆ ಸರಿಹೋಗುತ್ತದೆ. ಹಾಗೇ ಓಡಿಸಿದರೆ ಎಂಜಿನ್ ಸುಟ್ಟುಹೋಗುತ್ತದೆ.

## 5. ಲೈಫ್ ಜಾಕೆಟ್ ಪರೀಕ್ಷೆ

ದೋಣಿಯಲ್ಲಿ ಲೈಫ್ ಜಾಕೆಟ್ ಇದೆ ಎಂದರೆ ಸಾಲದು. ಅದನ್ನು ಹಾಕಿಕೊಂಡಿರಬೇಕು. ಹಾಕಿಕೊಂಡದ್ದು ಸರಿಯಾಗಿ ಕೂತಿರಬೇಕು.

ಹೀಗೆ ನೋಡಿ. ಜಾಕೆಟ್ ಹಾಕಿ ಎಲ್ಲ ಬಕಲ್ ಬಿಗಿ ಮಾಡಿ. ಗೆಳೆಯರೊಬ್ಬರಿಗೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಗಲ್ಲ, ಕಿವಿಯವರೆಗೆ ಏರಿದರೆ ಅದು ಸಡಿಲ. ನೀರಿನಲ್ಲಿ ಅದು ತೇಲುತ್ತದೆ, ನೀವು ಕೆಳಕ್ಕೆ ಜಾರುತ್ತೀರಿ. ಜಾಕೆಟ್ ಮೇಲೆ ಎಷ್ಟು ಕಿಲೋ ತೂಕದವರಿಗೆ ಎಂದು ಬರೆದಿರುತ್ತದೆ, ಓದಿ. ಒಳಗಿನ ಫೋಮ್ ಅನ್ನು ಹಿಸುಕಿ ನೋಡಿ. ಪುಡಿಪುಡಿಯಾದರೆ, ಅಥವಾ ಹಿಸುಕಿದ ಗುಳಿ ಹಾಗೇ ಉಳಿದರೆ, ಬೇರೆ ಕೇಳಿ. ಬೇರೆ ಇಲ್ಲ ಎಂದರೆ ಬೇರೆ ದೋಣಿ.

ಚೆನ್ನಾಗಿ ಈಜು ಬರುವವರೇ ಜಾಕೆಟ್ ಬಿಚ್ಚಿ ಕುಳಿತುಕೊಳ್ಳುವುದು ಜಾಸ್ತಿ. ಬಸವನಗುಡಿಯ ಈಜುಕೊಳದಲ್ಲಿ ಐವತ್ತು ಸುತ್ತು ಹೊಡೆಯುವವರೂ ಇಳಿತದ ಹರಿವಿಗೆ ಎದುರಾಗಿ ಹತ್ತು ನಿಮಿಷದಲ್ಲಿ ಸುಸ್ತಾಗುತ್ತಾರೆ. ಗುಂಪಿಗೆ ಒಂದೇ ನಿಯಮ ಇರಲಿ. ದಡ ಬಿಟ್ಟಾಗಿನಿಂದ ದಡ ಮುಟ್ಟುವವರೆಗೆ ಯಾರೂ ಜಾಕೆಟ್ ಬಿಚ್ಚುವುದಿಲ್ಲ. ಫೋಟೋಗೂ ಇಲ್ಲ.

## 6. ಗುಂಪಿನ ಮಾತುಕತೆ

ಹೊರಡುವ ವಾರ ಬೆಂಗಳೂರಿನಲ್ಲೇ ಒಂದು ಸಂಜೆ ಎಲ್ಲರೂ ಕೂತು ಮಾತಾಡಿ. ಯಾರಿಗೆ ಈಜು ಬರುತ್ತದೆ, ಯಾರಿಗೆ ಉಬ್ಬಸ ಇದೆ, ಫಿಟ್ಸ್ ಇದೆ, ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಮುಜುಗರ ಇಲ್ಲದೆ ಹೇಳಿಕೊಳ್ಳಿ. ಕಯಾಕ್ ತೆಗೆದುಕೊಳ್ಳುವ ಆಲೋಚನೆ ಇದ್ದರೆ, ಜಾಕೆಟ್ ಹಾಕಿಕೊಂಡು ಯಾವುದಾದರೂ ಈಜುಕೊಳದಲ್ಲಿ ಮಲಗಿ ತೇಲುವುದನ್ನು ಒಮ್ಮೆ ಅಭ್ಯಾಸ ಮಾಡಿ.

ಒಬ್ಬರು ಮುಖ್ಯಸ್ಥರಾಗಲಿ. "ವಾಪಸ್ ಹೋಗೋಣ" ಎಂದು ಅವರು ಹೇಳಿದರೆ ವಾದ ಇಲ್ಲ. ಅಷ್ಟೇ ಅಲ್ಲ, ಗುಂಪಿನಲ್ಲಿ ಯಾರೇ ಒಬ್ಬರು "ನನಗೆ ಭಯ ಆಗ್ತಿದೆ" ಎಂದರೂ ದೋಣಿ ತಿರುಗಬೇಕು. ಕುಡಿತ ಹಿಂದಿನ ರಾತ್ರಿಯಿಂದಲೇ ಬಂದ್. ಈ ಮಾತನ್ನು ನೀರಿನ ಮೇಲೆ ಹೇಳಿ ಪ್ರಯೋಜನವಿಲ್ಲ, ಬೆಂಗಳೂರಿನಲ್ಲೇ ಹೇಳಿ. ಒಪ್ಪದವರು ಬರದಿದ್ದರೆ ಗೆಳೆತನವೇನೂ ಕೆಡುವುದಿಲ್ಲ.

## 7. ಏನೇನು ಒಯ್ಯಬೇಕು

ಒಬ್ಬರಿಗೆ ಮೂರು ಲೀಟರ್ ಕುಡಿಯುವ ನೀರು. ಇದರಲ್ಲಿ ಚೌಕಾಸಿ ಬೇಡ. ಓಆರ್‌ಎಸ್ ಪೊಟ್ಟಣ, ಚಪಾತಿ, ಬಾಳೆಹಣ್ಣು, ಕಡಲೆಚಿಕ್ಕಿ. ಅಗಲ ಅಂಚಿನ ಟೋಪಿ, ಉದ್ದ ತೋಳಿನ ಬೇಗ ಒಣಗುವ ಅಂಗಿ. ಜೀನ್ಸ್ ಬೇಡ, ನೆನೆದರೆ ಕಲ್ಲಿನಂತೆ ಭಾರ.

ಹಿಮ್ಮಡಿಗೆ ಪಟ್ಟಿ ಇರುವ ಗಟ್ಟಿ ಸ್ಯಾಂಡಲ್ ಬೇಕೇ ಬೇಕು. ಅಳಿವೆಯ ಬಂಡೆಗಳಿಗೆ, ಸೇತುವೆಯ ಕಂಬಗಳಿಗೆ ಚಿಪ್ಪಿಗಳು ಅಂಟಿ ಬೆಳೆದಿರುತ್ತವೆ. ಅವುಗಳ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಹವಾಯಿ ಚಪ್ಪಲಿ ಕೆಸರಿನಲ್ಲಿ ಮೊದಲ ಹೆಜ್ಜೆಗೇ ಉಳಿದುಬಿಡುತ್ತದೆ.

ಪ್ರತಿಯೊಬ್ಬರ ಜಾಕೆಟ್ಟಿಗೂ ಒಂದು ಸೀಟಿ ಕಟ್ಟಿ. ಕೂಗು ಗಾಳಿಯಲ್ಲಿ ಕರಗಿಹೋಗುತ್ತದೆ, ಸೀಟಿ ಕೇಳುತ್ತದೆ. ಮೊಬೈಲ್ ಅನ್ನು ನೀರು ನುಗ್ಗದ ಚೀಲದಲ್ಲಿ ಹಾಕಿ ಕತ್ತಿಗೆ ನೇತುಹಾಕಿ. ಅದರಲ್ಲಿ ಮೂರು ಸಂಖ್ಯೆ ಇರಲಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಎಲ್ಲ ತುರ್ತಿಗೂ 112.

ಇನ್ನು ದಡದಲ್ಲಿ ಒಬ್ಬರು ಬೇಕು. ರೂಮಿನವರಾಗಲಿ, ಬೆಂಗಳೂರಿನ ಮನೆಯವರಾಗಲಿ. ಯಾವ ದೋಣಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಎಂದು ಅವರಿಗೆ ಬರೆದು ಕಳಿಸಿ. "ಮಧ್ಯಾಹ್ನ ಎರಡು ಗಂಟೆಯೊಳಗೆ ಫೋನ್ ಬರದಿದ್ದರೆ ಈ ಸಂಖ್ಯೆಗೆ ಕರೆ ಮಾಡಿ" ಎಂದೂ ಬರೆಯಿರಿ.

## 8. ನೀರಿನ ಮೇಲೆ

ಹೊರಟ ಕೂಡಲೇ ಬೆನ್ನು ಸಮುದ್ರಕ್ಕೆ ಇರಲಿ. ಅಳಿವೆಯ ಬಾಯಿಯ ಕಡೆ ಸುಮ್ನೆ ನೋಡಿ ಬರೋಣ ಎಂದೂ ಹೋಗಬೇಡಿ. ನದಿ ತಂದ ಮರಳು ಅಲ್ಲಿ ದಿಣ್ಣೆಯಾಗಿ ಕೂತಿರುತ್ತದೆ. ಅದರ ಮೇಲೆ ಕಡಲ ಅಲೆ ಒಡೆಯುತ್ತದೆ. ಇಳಿತದ ಹೊತ್ತಿಗೆ ಇಡೀ ನದಿಯ ನೀರು ಆ ಕಿರಿದಾದ ಬಾಯಿಯಿಂದ ಹೊರಗೆ ನುಗ್ಗುತ್ತದೆ. ಮೀನುಗಾರರೇ ಅಲ್ಲಿ ಸಮಯ ನೋಡಿ ದಾಟುತ್ತಾರೆ.

ಹರಿವಿನ ಲೆಕ್ಕ ತಲೆಯಲ್ಲಿರಲಿ. ಹೊಸಬರು ಕಯಾಕ್‌ನಲ್ಲಿ ಗಂಟೆಗೆ ಸುಮಾರು ನಾಲ್ಕು ಕಿಲೋಮೀಟರ್ ಹೋಗುತ್ತಾರೆ. ಎದುರಿನಿಂದ ಗಂಟೆಗೆ ಮೂರು ಕಿಲೋಮೀಟರ್ ಹರಿವು ಬಂದರೆ ನೀವು ನಿಜವಾಗಿ ಮುಂದೆ ಹೋಗುವುದು ಒಂದೇ ಕಿಲೋಮೀಟರ್. ಉಬ್ಬರದ ಆರು ಗಂಟೆಯಲ್ಲಿ ಮೊದಲ ಗಂಟೆ ನೀರು ಮೆಲ್ಲಗೆ ಏರುತ್ತದೆ. ಮೂರನೇ, ನಾಲ್ಕನೇ ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಆಗಿಹೋಗುತ್ತದೆ. ಕೊನೆಯ ಗಂಟೆ ಮತ್ತೆ ನಿಧಾನ. ಇಳಿತಕ್ಕೂ ಇದೇ ಲೆಕ್ಕ. ತುದಿ ಮುಟ್ಟಿದ ಮೇಲೆ ಸ್ವಲ್ಪ ಹೊತ್ತು ನೀರು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತೆ ನಿಲ್ಲುತ್ತದೆ. ಕಾಂಡ್ಲಾದ ಸಣ್ಣ ಕವಲಿಗೆ ಹೋಗಲು ಆ ಹೊತ್ತೇ ಸರಿ. ತೇಲುವ ಎಲೆಯೊಂದನ್ನು ಗಮನಿಸುತ್ತಿರಿ. ಅದು ಸಮುದ್ರದ ಕಡೆ ಜರುಗಲು ಶುರುಮಾಡಿದ ಕೂಡಲೇ ಕವಲಿನಿಂದ ಹೊರಬನ್ನಿ. ಎಷ್ಟೇ ಚೆಂದ ಇರಲಿ, ನಿಲ್ಲಬೇಡಿ. ದೊಡ್ಡ ನದಿಗಿಂತ ಮೊದಲು ಖಾಲಿಯಾಗುವುದು ಕವಲುಗಳೇ.

ಕಾಂಡ್ಲಾದ ಕೆಸರಿನಲ್ಲಿ ಮೊಳೆಗಳಂತೆ ಮೇಲಕ್ಕೆ ನಿಂತಿರುವವು ಅದರ ಉಸಿರಾಟದ ಬೇರುಗಳು. ಅವುಗಳ ಮೇಲೆ ಕಾಲಿಡಬೇಡಿ, ದೋಣಿ ಎಳೆಯಬೇಡಿ. ಮೀನಿನ ಮರಿಗಳು, ಸೀಗಡಿ, ಏಡಿ ಬೆಳೆಯುವುದು ಅವುಗಳ ನಡುವೆ. ಊರಿನವರ ಅನ್ನ ಅದು.

ನದಿ ತಿರುಗುವ ಕಡೆ ಹೊರ ಅಂಚಿನಲ್ಲಿ ಆಳ ಜಾಸ್ತಿ. ಒಳ ಅಂಚಿನಲ್ಲಿ ಮರಳು ಕೂತಿರುತ್ತದೆ. ಬೆಳ್ಳಕ್ಕಿ ನಡುನದಿಯಲ್ಲಿ ನಿಂತಿದ್ದು ಕಂಡರೆ ಅಲ್ಲಿ ನೀರು ಅದರ ಕಾಲಿನಷ್ಟೇ ಇದೆ ಎಂದು ತಿಳಿಯಿರಿ.

ನೀರಿನ ಮೇಲೆ ಸಾಲಾಗಿ ತೇಲುವ ಥರ್ಮೋಕೋಲ್ ತುಂಡು, ಪ್ಲಾಸ್ಟಿಕ್ ಬಾಟಲಿ ಕಂಡರೆ ಅದು ಕಸ ಅಲ್ಲ, ಬಲೆ. ಸುತ್ತು ಬಳಸಿ ಹೋಗಿ. ಬಲೆ ಎಂಜಿನ್ನಿನ ಫ್ಯಾನಿಗೆ ಸಿಕ್ಕಿದರೆ ನಿಮ್ಮ ದಿನವೂ ಹೋಯಿತು, ಅವರ ಬಲೆಯೂ ಹೋಯಿತು. ಹಾಗೇನಾದರೂ ಆದರೆ ಕತ್ತರಿಸಿ ಓಡಿಬರಬೇಡಿ. ಬಲೆಯವರನ್ನು ಹುಡುಕಿ, ಹಣ ಕೊಟ್ಟು ಬನ್ನಿ.

ಹೆದ್ದಾರಿ ಸೇತುವೆ, ಎರಡು ಕಿಲೋಮೀಟರಿಗಿಂತ ಉದ್ದದ ಕೊಂಕಣ ರೈಲ್ವೆ ಸೇತುವೆ ಎರಡರ ಕೆಳಗೂ ಎಚ್ಚರ ಇರಲಿ. ಕಂಬಗಳಿಂದ ದೂರ, ಎರಡು ಕಂಬಗಳ ನಡುಮಧ್ಯದಲ್ಲಿ ಹಾದುಹೋಗಿ. ಕಂಬದ ಬುಡದಲ್ಲಿ ನೀರು ಸುಳಿಯುತ್ತದೆ. ಹರಿವು ಕಯಾಕ್ ಅನ್ನು ಕಂಬಕ್ಕೆ ಒತ್ತಿ ಹಿಡಿದುಬಿಡುತ್ತದೆ.

ದೋಣಿಯಲ್ಲಿ ಯಾರೂ ಎದ್ದು ನಿಲ್ಲಬಾರದು. ಜಾಗ ಬದಲಿಸಬೇಕಿದ್ದರೆ ದೋಣಿ ನಿಲ್ಲಿಸಿ, ಒಬ್ಬೊಬ್ಬರೇ, ಬಗ್ಗಿ, ನಡುಭಾಗದಲ್ಲೇ ಹೋಗಿ. ಮಾವಿನಕುರ್ವಾ ಕಡೆಯೋ, ಯಾವುದೋ ತೋಟದ ಬದಿಯೋ ದಡಕ್ಕೆ ಹಚ್ಚುವಾಗ ಅಲ್ಲಿಯವರನ್ನು ಕೇಳಿ. ಅದು ಯಾರದೋ ಮನೆಯ ಹಿತ್ತಿಲು. ಕೇಳಿದವರಿಗೆ ಎಳನೀರೂ ಸಿಗುತ್ತದೆ.

## 9. ತೊಂದರೆ ಆದರೆ

ದಿಣ್ಣೆಗೆ ಕೂತರೆ: ಕೂಡಲೇ ಎಂಜಿನ್ ನಿಲ್ಲಿಸಿ ಮೇಲಕ್ಕೆತ್ತಿ. ನೀರು ಏರುತ್ತಿದ್ದರೆ ಸುಮ್ನೆ ಕಾಯಿರಿ, ತಾನಾಗಿ ತೇಲುತ್ತದೆ. ಇಳಿಯುತ್ತಿದ್ದರೆ ನಿಮಗಿರುವುದು ಐದೇ ನಿಮಿಷ. ಹುಟ್ಟಿನಿಂದ ತಳ ಚುಚ್ಚಿ ನೋಡಿ. ಮರಳಾದರೆ ಇಬ್ಬರು ಇಳಿದು, ದೋಣಿ ಹಿಡಿದುಕೊಂಡೇ, ಬಂದ ದಿಕ್ಕಿಗೆ ನೂಕಿ. ಕೆಸರಾದರೆ ಇಳಿಯಬೇಡಿ. ತೊಡೆಯವರೆಗೆ ಹೂತರೆ ಹೊರಬರುವುದು ಕಷ್ಟ.

ಮಗುಚಿದರೆ: ದೋಣಿ ಬಿಟ್ಟು ದಡಕ್ಕೆ ಈಜಲು ಹೋಗಬೇಡಿ. ದಡ ಕಣ್ಣಿಗೆ ಕಾಣುವುದಕ್ಕಿಂತ ದೂರ ಇರುತ್ತದೆ. ದೋಣಿ ಹಿಡಿದುಕೊಳ್ಳಿ, ಅದು ತೇಲುತ್ತದೆ, ಹುಡುಕುವವರಿಗೂ ಕಾಣುತ್ತದೆ. ಮುಖ್ಯಸ್ಥರು ಜೋರಾಗಿ ಎಣಿಸಲಿ. ಎಲ್ಲರೂ ತಮ್ಮ ಸಂಖ್ಯೆ ಕೂಗಲಿ. ಹರಿವು ಬರುವ ಬದಿಯಲ್ಲಿ ಇರಿ. ಕೆಳಗಿನ ಬದಿಯಲ್ಲಿದ್ದರೆ ದೋಣಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಳ್ಳುತ್ತೀರಿ. ಆಮೇಲೆ ಸೀಟಿ.

ಬಿಸಿಲು ಬಡಿದರೆ: ತಲೆನೋವು, ವಾಕರಿಕೆ, ಮಾತು ಕಡಿಮೆಯಾಗುವುದು ಮೊದಲ ಗುರುತು. ನೆರಳು ಮಾಡಿ, ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ ಹಾಕಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ತೊದಲಿದರೆ, ಹೇಳಿದ್ದು ಅರ್ಥವಾಗದಂತೆ ಮಾಡಿದರೆ, ಬಾಯಿಗೆ ಏನೂ ಹಾಕದೆ ಮೈಗೆ ನೀರು ಸುರಿಯುತ್ತಾ ನೇರ ಆಸ್ಪತ್ರೆಗೆ.

ಎಂಜಿನ್ ನಿಂತರೆ: ಮೊದಲು ಲಂಗರು ಇಳಿಸಿ, ಆಮೇಲೆ ರಿಪೇರಿ. ರಿಪೇರಿ ಮಾಡುತ್ತಾ ಕೂತರೆ ಇಳಿತದ ನೀರು ನಿಮ್ಮನ್ನು ಅಳಿವೆಯ ಕಡೆ ಒಯ್ಯುತ್ತಿರುತ್ತದೆ. ಲಂಗರಿನ ಹಗ್ಗವನ್ನು ದೋಣಿಯ ಮುಂಭಾಗಕ್ಕೇ ಕಟ್ಟಬೇಕು. ಹಿಂಭಾಗಕ್ಕೆ ಕಟ್ಟಿದರೆ ಹರಿವು ಹಿಂದಿನಿಂದ ಒಳಗೆ ನುಗ್ಗುತ್ತದೆ.

## 10. ದಡ ಸೇರಿದ ಮೇಲೆ

ಇಳಿಯುವ ಮೊದಲು ದೋಣಿ ತಳದಲ್ಲಿ ಉಳಿದ ಚಿಕ್ಕಿ ಕವರ್, ಬಾಟಲಿ ಮುಚ್ಚಳ ಎಲ್ಲ ಆರಿಸಿಕೊಳ್ಳಿ. ಎಣಿಸಿ ಒಯ್ದ ಬಾಟಲಿಗಳನ್ನು ಎಣಿಸಿಯೇ ತನ್ನಿ. ಜಾಕೆಟ್ಟುಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿಗೆ ಹಾಕಿ ಕೊಡಿ. ಉಪ್ಪು ಉಳಿದರೆ ಬಕಲ್ಲು ಹಿಡಿದುಕೊಳ್ಳುತ್ತದೆ, ಮುಂದಿನ ವಾರ ಬರುವವರಿಗೆ ಅದು ಬಿಗಿಯಾಗುವುದಿಲ್ಲ. ಕೈಕಾಲಿನಲ್ಲಿ ಚಿಪ್ಪಿ ಕೊಯ್ದ ಗಾಯ ಇದ್ದರೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಸಣ್ಣದು ಎಂದು ಬಿಟ್ಟರೆ ಕೀವಾಗುತ್ತದೆ. ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯಿತು ನೋಡಿಕೊಳ್ಳಿ.

ದೋಣಿಯವರಿಗೆ ಮಾತಾಡಿದ ಹಣ ಅಲ್ಲೇ ಕೊಡಿ, ಅವರ ಫೋನ್ ನಂಬರ್ ಬರೆದುಕೊಳ್ಳಿ. ಮುಂದಿನ ತ್ರಯೋದಶಿ ಭಾನುವಾರ ಬಂದರೆ ಬೇಕಾಗುತ್ತದೆ. ಊಟಕ್ಕೆ ಕೂರುವ ಮೊದಲು ದಡದಲ್ಲಿ ಕಾಯುತ್ತಿರುವವರಿಗೆ ಫೋನ್ ಮಾಡಿ, ಎಲ್ಲರೂ ಬಂದೆವು ಎಂದು ಹೇಳಿ.